ಹಿತ್ತಲಿಗೆ ಯಾವ ಬಳ್ಳಿ? ಕುಂಬಳ, ಸೋರೆ, ಹೀರೆ, ಜುಕಿನಿ, ತೊಂಡೆ: ನಮ್ಮ ಬಿಸಿಲಿಗೆ ಹೊಂದುವ ಲೆಕ್ಕ

ಮಿರಗದ (ಮೃಗಶಿರಾ) ಮಳೆ ಹತ್ತಿರ ಬಂತೆಂದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಹಿತ್ತಲದಾಗ ಹತ್ತು ಫುಟ್ ಜಾಗ ಅದ, ಕುಂಬಳ ಹಚ್ಚಲೋ ಸೋರೆ ಹಚ್ಚಲೋ?" "ಮಾಳಿಗಿ ಮ್ಯಾಲೆ ಡ್ರಮ್ಮಿನಾಗ ಏನ್ ಬರ್ತದ?" "ಯೂಟ್ಯೂಬಿನಾಗ ಜುಕಿನಿ ನೋಡೀನಿ, ನಮ್ಮ ಕಡೆ ಬರ್ತದೇನ್ರಿ?"

ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ಉತ್ತರ ಇಷ್ಟೇ: ಮೊದಲ ಸಲ ಬಳ್ಳಿ ಹಚ್ಚುವವರು ಜೂನ್‌ನಲ್ಲಿ ಹೀರೆ ಹಚ್ಚಿ. ಉಳಿದವರು ಸ್ವಲ್ಪ ಕೂತು ಓದಿ. ಹೀರೆ ಎಲ್ಲರಿಗೂ ಸರಿಹೊಂದುವುದಿಲ್ಲ; ಕುಂಬಳ ಹಚ್ಚಬೇಕಾದ ಮನೆಯಲ್ಲಿ ಹೀರೆ ಹಚ್ಚಿ ಜಾಗ ದಂಡ ಮಾಡಿಕೊಂಡವರೂ ಇದ್ದಾರೆ.

ಮೊದಲು ಅಳತೆಗೋಲು

ನಾಲಿಗೆಯನ್ನು ಕೇಳಿ ಬಳ್ಳಿ ಆರಿಸಬೇಡಿ, ಕ್ಯಾಲೆಂಡರನ್ನು ಕೇಳಿ. ಬಳ್ಳಿ ತರಕಾರಿಯ ಬೀಜ ಚೆನ್ನಾಗಿ ಮೊಳೆಯುವುದು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಷ್ಣಾಂಶ 35 ದಾಟಿ ಏರುತ್ತ ಹೋದಂತೆ ಗಂಡು ಹೂ ಹೆಚ್ಚುತ್ತವೆ, ಹೆಣ್ಣು ಹೂ ಕಡಿಮೆಯಾಗುತ್ತವೆ, ಪರಾಗದ ಕಸುವೂ ಕುಗ್ಗುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಹಾಗಾಗಿ ನಮಗೆ ನಿಜವಾಗಿ ಸಿಗುವುದು ಎರಡು ಅವಧಿ. ಒಂದು, ಜೂನ್–ಜುಲೈ ಬಿತ್ತನೆ, ದಸರೆಯವರೆಗೆ ಕಾಯಿ. ಇನ್ನೊಂದು, ಜನವರಿ ಕೊನೆಯ ಬಿತ್ತನೆ, ಬಿಸಿಲು ಕೆರಳುವ ಮೊದಲೇ ಮಾರ್ಚ್‌ನಿಂದ ಕಾಯಿ. ಇವೆರಡರ ನಡುವೆ ಅಕ್ಟೋಬರ್–ನವೆಂಬರ್‌ನ ಸಣ್ಣ ಕಿಂಡಿಯೊಂದಿದೆ. ಅದು ಜುಕಿನಿಗೆ ಮಾತ್ರ. ಮಾರ್ಚ್ ಕೊನೆಗೆ ಬೀಜ ಕೊಂಡು "ಈಗ ಹಚ್ಚಲೇ?" ಎಂದರೆ ನನ್ನ ಉತ್ತರ ಬೇಡ ಎಂದೇ. ಬೀದರ್ ಎತ್ತರದಲ್ಲಿದೆ, ಅಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಬಹಳ ಥಂಡಿ. ಬೀಜ ನೆಲದಲ್ಲೇ ಸುಮ್ಮನೆ ಕೂತು ಕೊಳೆಯುತ್ತದೆ. ಅಲ್ಲಿಯವರು ಕಾಗದದ ಕಪ್ಪಿನಲ್ಲಿ ಮನೆಯೊಳಗೆ ಮೊಳಕೆ ಮಾಡಿ, ಎರಡು ಎಲೆ ಬಂದಾಗ ಬೇರು ಕದಲದ ಹಾಗೆ ನೆಲಕ್ಕಿಳಿಸಬೇಕು.

ಎರಡನೆಯದು ಜಾಗ. ಬಳ್ಳಿ ನೆಲದ ಮೇಲೆ ಹರಿಯುತ್ತದೋ, ಹಂದರ ಕೇಳುತ್ತದೋ, ಡ್ರಮ್ಮಿನಲ್ಲಿ ಸುಮ್ಮನಿರುತ್ತದೋ ನೋಡಿಕೊಳ್ಳಿ. ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬಳ್ಳಿಯನ್ನು ನೆಲಕ್ಕೆ ಬಿಡಬೇಡಿ. ಮಧ್ಯಾಹ್ನ ಕಾದ ಕಲ್ಲು ಸಂಜೆಯವರೆಗೂ ಬಿಸಿ ಉಗುಳುತ್ತದೆ, ಅದರ ಮೇಲೆ ಮಲಗಿದ ಎಳೆಕಾಯಿಯ ಹೊಟ್ಟೆ ಬೆಂದು ಬಿಳಿಚುತ್ತದೆ.

ಮೂರನೆಯದು ನೀರು. ಜುಲೈನಲ್ಲಿ ಎಲ್ಲರ ಮನೆಯಲ್ಲೂ ನೀರಿರುತ್ತದೆ; ಏಪ್ರಿಲ್‌ನಲ್ಲಿ ನಿಮ್ಮ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದೇ ಲೆಕ್ಕ. ಅಕ್ಕಿ, ಬೇಳೆ ತೊಳೆದ ನೀರು ಬಳ್ಳಿಗೆ ಒಳ್ಳೆಯದು. ಫಿಲ್ಟರ್ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ನಮ್ಮ ಬೋರಿನ ಗಡಸು ನೀರಿಗೆ ಅದೂ ಸೇರಿತೆಂದರೆ ಡ್ರಮ್ಮಿನ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಹೂ ಅರಳುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತೀರಿ? ಊರೊಳಗೆ ಜೇನ್ನೊಣ ಕಡಿಮೆ. ಅವು ಬರದಿದ್ದರೆ ನೀವೇ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಕುಂಬಳ, ಜುಕಿನಿ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತವೆ. ಹೀರೆ, ಸೋರೆ ಅರಳುವುದು ಸಂಜೆಗೆ. ತುಪ್ಪದ ಹೀರೆ ನೋಡಲು ಹೀರೆಯ ತಮ್ಮನಂತಿದ್ದರೂ ಅರಳುವುದು ಬೆಳಗ್ಗೆ. ಬೆಳಗ್ಗೆ ಏಳೂವರೆಯ ಬಸ್ಸಿಗೆ ಸೇಡಂಗೋ ಶಹಾಪುರಕ್ಕೋ ಶಾಲೆಗೆ ಹೋಗುವ ಮೇಷ್ಟ್ರಿಗೆ ಹೀರೆ ಅನುಕೂಲ. ಬೆಳಗ್ಗೆ ಅಂಗಳದಲ್ಲೇ ಇರುವ ಅಜ್ಜಿ ಇರುವ ಮನೆಗೆ ಕುಂಬಳ ಅನುಕೂಲ.

ಐದನೆಯದು, ಉಣ್ಣುವವರು ಎಷ್ಟು ಜನ. ಅದನ್ನು ಹೇಳಿಕೊಡಬೇಕಿಲ್ಲ.

ಹೀರೆ

ನನ್ನ ಪಕ್ಷಪಾತ ಮೊದಲೇ ಗೊತ್ತಾಗಿದೆ. ಕಾರಣಗಳಿವೆ. ಬಿತ್ತಿದ 45–55 ದಿನಕ್ಕೆ ಮೊದಲ ಕಾಯಿ, ಆಮೇಲೆ ಹೆಚ್ಚುಕಡಿಮೆ ಎರಡು ತಿಂಗಳು ಎರಡು-ಮೂರು ದಿನಕ್ಕೊಮ್ಮೆ ಕೀಳುವ ಕೆಲಸ. ಕಾಯಿ ಹಗುರ, ಆದ್ದರಿಂದ ಹಂದರ ಗಟ್ಟಿಯಿರಬೇಕೆಂದಿಲ್ಲ. ತೊಗರಿ ರಾಶಿಯಾದ ಮೇಲೆ ಹೊಲದ ಬದುವಿನಲ್ಲಿ ಬಿದ್ದಿರುವ ತೊಗರಿ ಕಟ್ಟಿಗೆ ತಂದು ಇಳಿಜಾರಾಗಿ ನಿಲ್ಲಿಸಿ, ಮೇಲೆ ನೈಲಾನ್ ಬಲೆ ಎಳೆದರೆ ಒಂದು ಹಂಗಾಮಿಗೆ ಸಾಕು. ಹಳ್ಳಿಯ ಕಡೆ ನೆಂಟರಿದ್ದವರಿಗೆ ಅದೂ ಪುಕ್ಕಟೆ. ಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಬಿಸಿ ರೊಟ್ಟಿಗೆ ಆ ಚಟ್ನಿಯ ಮುಂದೆ ಪಲ್ಯವೇ ಹಿಂದೆ ಬೀಳುತ್ತದೆ.

ಕೊರತೆಯೂ ಇದೆ. ಒಂದು ಬಳ್ಳಿಯಿಂದ ಒಮ್ಮೆಗೆ ಸಿಗುವ ಕಾಯಿ ಕಡಿಮೆ. ನಾಲ್ಕು ಜನರ ಮನೆಗೆ ಮೂರು-ನಾಲ್ಕು ಬಳ್ಳಿ ಬೇಕು. ನಾಲ್ಕು ದಿನ ಮದುವೆಗೆಂದು ಊರಿಗೆ ಹೋಗಿ ಬಂದಿರೋ, ಕಾಯಿ ನಾರಾಗಿರುತ್ತದೆ. ಮಳೆ ಹಿಡಿದ ವಾರಗಳಲ್ಲಿ ಬೂಜು ತುಪ್ಪಟ ರೋಗ ಬರುತ್ತದೆ: ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಕೆಳಗೆ ಬೂದುಬಣ್ಣದ ಬೂಜು. ಬುಡದ ಎಲೆಗಳನ್ನು ತೆಗೆದು ಗಾಳಿಯಾಡಲು ಬಿಡುವುದು, ಸಂಜೆ ಎಲೆ ಮೇಲೆ ನೀರು ಹಾಕದಿರುವುದು, ಇವೇ ಮೊದಲ ಔಷಧ.

ಬೀಜ ಕೊಳ್ಳುವಾಗ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಜಾತ್, ಅರ್ಕಾ ಸುಮೀತ್ ತಳಿಗಳು ಸಿಕ್ಕರೆ ಬಿಡಬೇಡಿ. ಇವು ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ಬೀಜ ಎತ್ತಿಟ್ಟುಕೊಳ್ಳಬಹುದು. ಬೀಜದ ಸಿಪ್ಪೆ ದಪ್ಪ, ಒಂದು ರಾತ್ರಿ ನೆನೆಸಿ ಹಾಕಿ.

ಹಾಗಲದ ಪಕ್ಕದಲ್ಲಿ ಹಚ್ಚಿದರೆ ಹೀರೆ ಕಹಿಯಾಗುತ್ತದೆ ಎಂಬ ಮಾತು ಊರೂರಲ್ಲಿ ಇದೆ. ಅದರಲ್ಲಿ ಹುರುಳಿಲ್ಲ. ಎರಡೂ ಬೇರೆ ಬೇರೆ ಜಾತಿ, ಒಂದರ ಪರಾಗ ಇನ್ನೊಂದಕ್ಕೆ ಕೂಡುವುದಿಲ್ಲ. ಕಹಿ ಬಂದರೆ ಬೀಜದ ಗುಣ ಇರಬೇಕು, ಇಲ್ಲವೇ ಬಳ್ಳಿ ನೀರಿಲ್ಲದೆ ಬಳಲಿರಬೇಕು.

ಸೋರೆ

ಒಂದೇ ಬಳ್ಳಿಯಿಂದ ಹೆಚ್ಚು ತೂಕ ಬೇಕೆಂದರೆ ಸೋರೆಗೆ ಸಾಟಿಯಿಲ್ಲ. ತೊಗರಿ ಬೇಳೆಗೆ ಹಾಕುವ ಮನೆಗಳಲ್ಲಿ ಕಾಯಿ ಹೆಚ್ಚಾಯಿತೆಂಬ ದೂರೂ ಬರುವುದಿಲ್ಲ. ಬಿಸಿಲನ್ನು ಈ ಗುಂಪಿನಲ್ಲಿ ಚೆನ್ನಾಗಿ ತಾಳುತ್ತದೆ, ಆದರೆ ನೀರು ಕೊಟ್ಟರೆ ಮಾತ್ರ. ಏಪ್ರಿಲ್ ಮಧ್ಯಾಹ್ನ ಅಷ್ಟಗಲದ ಎಲೆಗಳೆಲ್ಲ ಜೋಲುಬಿದ್ದು, ಸಂಜೆಗೆ ತಾವೇ ಏಳುತ್ತವೆ. ಅದಕ್ಕೆ ಗಾಬರಿ ಬೇಡ. ಬೆಳಗ್ಗೆಯೂ ಜೋತೇ ಇದ್ದರೆ ನೀರು ಸಾಲುತ್ತಿಲ್ಲವೆಂದು ಅರ್ಥ. ವಾರಕ್ಕೊಮ್ಮೆ ನಳ ಬರುವ ಬಡಾವಣೆಯವರು ಬೇಸಿಗೆ ಸೋರೆಯ ಆಸೆ ಬಿಡುವುದು ಒಳ್ಳೆಯದು.

ಹಂದರದ ಖರ್ಚು ಇದಕ್ಕೇ ಹೆಚ್ಚು. ಒಂದೊಂದು ಕೆಜಿಯ ಕಾಯಿ ಹತ್ತಾರು ತೂಗಬೇಕು, ಜೊತೆಗೆ ಆಷಾಢದ ಗಾಳಿ. ತೊಗರಿ ಕಟ್ಟಿಗೆ ಇಲ್ಲಿ ಕೆಲಸಕ್ಕೆ ಬಾರದು; ಕಲ್ಲಿನ ಕಂಬವೋ ಕಬ್ಬಿಣದ ಕೊಳವೆಯೋ ನಿಲ್ಲಿಸಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿಯಬೇಕು. ಮಾಳಿಗೆಯಲ್ಲಾದರೆ 50 ಲೀಟರಿಗಿಂತ ಕಡಿಮೆಯ ಡ್ರಮ್ಮು ಬೇಡ.

ಸೋರೆಯಲ್ಲಿ ಹೆಣ್ಣು ಹೂ ಹೆಚ್ಚಾಗಿ ಬರುವುದು ಪಕ್ಕದ ಕವಲುಗಳಲ್ಲಿ. ಮುಖ್ಯ ಬಳ್ಳಿ ಹಂದರ ಮುಟ್ಟುತ್ತಲೇ ತುದಿ ಚಿವುಟಿ. "ಬರೀ ಗಂಡು ಹೂನೇ ಬರ್ಲಿಕತ್ತಾವ" ಎಂಬ ದೂರಿಗೆ ಅರ್ಧ ಉತ್ತರ ಅಲ್ಲೇ ಇದೆ. ಇನ್ನರ್ಧ ಉತ್ತರ ತಾಳ್ಮೆ: ಮೊದಲ ಹತ್ತು-ಹದಿನೈದು ದಿನ ಹೆಚ್ಚಿನ ಬಳ್ಳಿಗಳು ಗಂಡು ಹೂವನ್ನೇ ಬಿಡುತ್ತವೆ.

ಒಂದು ಎಚ್ಚರಿಕೆ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಕತ್ತರಿಸಿದ ಸೋರೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಪೂರ್ತಿ ಕಾಯಿ ಎಸೆಯಿರಿ. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು, ಕುದಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಜುಕಿನಿಗೂ ಇದೇ ನಿಯಮ.

ಕುಂಬಳ

ಖರ್ಚಿನಲ್ಲಿ ಕುಂಬಳವೇ ಅಗ್ಗ. ಅಡುಗೆಗೆ ತಂದ ಹಣ್ಣಿನ ಬೀಜವೇ ಮೊಳೆಯುತ್ತದೆ, ಹಂದರ ಬೇಡ, ತಿಪ್ಪೆಗೊಬ್ಬರ ತುಂಬಿದ ಒಂದು ಗುಂಡಿ ಸಾಕು. ಬೇಕಾದದ್ದು ಜಾಗ: ಒಂದು ಬಳ್ಳಿ ಹನ್ನೆರಡು-ಹದಿನೈದು ಅಡಿ ಹರಿದು, ದಾರಿಯಲ್ಲಿರುವ ಬದನೆ, ಮೆಣಸಿನ ಗಿಡಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮಾಗಿದ ಹಣ್ಣಿಗೆ ನೂರು ದಿನ ದಾಟಬೇಕು. ಒಂದು ಬಳ್ಳಿಯಲ್ಲಿ ಮೂರ್ನಾಲ್ಕು ಹಣ್ಣು ನಿಂತರೆ ಅದೇ ದೊಡ್ಡ ಫಸಲು.

ಇಷ್ಟೆಲ್ಲ ಇದ್ದೂ ಹಳೆಯ ಮನೆಗಳಲ್ಲಿ ಕುಂಬಳವನ್ನೇ ಹಚ್ಚುತ್ತಿದ್ದರು. ಚೆನ್ನಾಗಿ ಮಾಗಿದ ಕುಂಬಳ ಫ್ರಿಡ್ಜ್ ಇಲ್ಲದೆ, ಗಾಳಿಯಾಡುವ ಒಣ ಮೂಲೆಯಲ್ಲಿ ಮೂರು-ನಾಲ್ಕು ತಿಂಗಳು ಕೆಡುವುದಿಲ್ಲ. ಜೂನ್‌ನಲ್ಲಿ ಬಿತ್ತಿದ್ದು ಎಳ್ಳ ಅಮಾವಾಸ್ಯೆಗೂ ಆಗುತ್ತದೆ, ಗಾರಿಗೆಗೂ ಆಗುತ್ತದೆ. ಇಲ್ಲಿ ಹೇಳಿದ ಉಳಿದ ಯಾವ ಬಳ್ಳಿಗೂ ಈ ಗುಣವಿಲ್ಲ, ಬೂದಗುಂಬಳ ಒಂದನ್ನು ಬಿಟ್ಟು. ತೊಟ್ಟು ಒಣಗಿ ಕಟ್ಟಿಗೆಯಂತಾಗಬೇಕು, ಉಗುರು ಊರಿದರೆ ಸಿಪ್ಪೆಗೆ ಇಳಿಯಬಾರದು, ಆಗ ಕೊಯ್ಯಿರಿ. ಕೊಯ್ಯುವಾಗ ನಾಲ್ಕು ಬೆರಳು ತೊಟ್ಟು ಬಿಡಿ. ತೊಟ್ಟು ಕಿತ್ತ ಜಾಗದಿಂದಲೇ ಕೊಳೆತ ಶುರುವಾಗುವುದು.

ಊರೊಳಗೆ ಕುಂಬಳದ ದೊಡ್ಡ ತಕರಾರು ಪರಾಗದ್ದು. ಹೆಬ್ಬೆರಳಿನಷ್ಟಾದ ಕಾಯಿ ಹಳದಿಯಾಗಿ ಉದುರಿದರೆ ರೋಗವೆಂದು ಔಷಧ ಹೊಡೆಯಬೇಡಿ, ಅದಕ್ಕೆ ಪರಾಗ ಮುಟ್ಟಿಲ್ಲ ಅಷ್ಟೇ. ಬೆಳಗ್ಗೆ ಆರು-ಏಳರ ಹೊತ್ತಿಗೆ ಬಳ್ಳಿಯ ಹತ್ತಿರ ಹೋಗಿ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಬೆನ್ನಿಗೆ ಗೋಲಿಯಷ್ಟು ಪುಟ್ಟ ಕುಂಬಳ ಅಂಟಿಕೊಂಡಿರುತ್ತದೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು ಎಸಳು ಹರಿದು ತೆಗೆದರೆ ನಡುವೆ ಹಳದಿ ಹುಡಿ ಮೆತ್ತಿದ ಕಡ್ಡಿ ಉಳಿಯುತ್ತದೆ. ಬೆರಳಿಗೆ ಹುಡಿ ಹತ್ತುತ್ತದೋ ನೋಡಿ, ಹತ್ತಿದರೆ ಸರಿ. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಗಂಟಿನ ಸುತ್ತ ಎಲ್ಲ ಹೋಳಿಗೂ ತಾಗುವಂತೆ ಮೆಲ್ಲಗೆ ಸವರಿ. ಒಂದು ಬದಿಗೆ ಮಾತ್ರ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಮೂರು-ನಾಲ್ಕು ದಿನಕ್ಕೆ ಗೋಲಿ ನಿಂಬೆಹಣ್ಣಿನಷ್ಟಾಗಿ ಕತ್ತು ಕೆಳಗೆ ಬಾಗಿಸಿದರೆ ಕಾಯಿ ಕಟ್ಟಿತೆಂದೇ ಲೆಕ್ಕ.

ಸಣ್ಣ ಮನೆಗೆ ಅರ್ಕಾ ಚಂದನ್ ಒಳ್ಳೆಯದು, ಹಣ್ಣು ಎರಡು-ಮೂರು ಕೆಜಿ. ಅರ್ಕಾ ಸೂರ್ಯಮುಖಿಯ ಹಣ್ಣು ಸುಮಾರು ಒಂದು ಕೆಜಿ, ಹಣ್ಣು ನೊಣದ ಕಾಟವನ್ನೂ ತಡೆಯುತ್ತದೆ. ನೆಲವಿಲ್ಲ, ಕಾಂಪೌಂಡ್ ಗೋಡೆ ಮಾತ್ರ ಇದೆ ಎನ್ನುವವರು ಇದನ್ನೇ ಗೋಡೆಗೆ ಹತ್ತಿಸಿ, ಕಾಯಿಗೆ ಹಳೇ ಸೀರೆಯ ಜೋಳಿಗೆ ಕಟ್ಟಬಹುದು.

ಜುಕಿನಿ

ಯೂಟ್ಯೂಬ್ ನೋಡಿ ಕೇಳುವವರಿಗೆ: ಬರುತ್ತದೆ, ಆದರೆ ಹೇಳಿದ ತಿಂಗಳಲ್ಲಿ ಮಾತ್ರ. ಜುಕಿನಿ ಬಳ್ಳಿಯಲ್ಲ, ಮೂರು ಅಡಿ ಅಗಲಕ್ಕೆ ಹರಡಿ ನಿಲ್ಲುವ ಗಿಡ. ಹಂದರ ಬೇಡ, 25 ಲೀಟರಿನ ಡ್ರಮ್ಮಿನಲ್ಲೂ ಬರುತ್ತದೆ, 45–50 ದಿನಕ್ಕೆ ಕಾಯಿ. ಬಾಡಿಗೆ ಮನೆಯ ಮಾಳಿಗೆಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದೊಳಗೆ ಬಿತ್ತಿ. ಜೂನ್‌ನಲ್ಲಿ ಹಾಕಿದರೆ ಮಳೆಗೆ ಕಾಂಡ ಕೊಳೆಯುತ್ತದೆ, ಫೆಬ್ರುವರಿಯಲ್ಲಿ ಹಾಕಿದರೆ ಹೂ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ.

ಒಂದೇ ಗಿಡ ಹಚ್ಚಿದರೆ ಗಂಡು, ಹೆಣ್ಣು ಹೂ ಒಂದೇ ಬೆಳಗ್ಗೆ ಸಿಗುವುದು ಅದೃಷ್ಟ. ಕಡಿಮೆಯೆಂದರೆ ಮೂರು ಇರಲಿ. ಬೀಜ ಹೆಚ್ಚಾಗಿ ಹೈಬ್ರಿಡ್, ಪ್ಯಾಕೆಟ್ಟಿನಲ್ಲಿ ಕೆಲವೇ ಬೀಜ, ಬೆಲೆಯೂ ಚುರುಕು, ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ಥಂಡಿ ಮತ್ತು ಒಣ ಹವೆಗೆ ಬೂದಿ ರೋಗ ಬೇಗ ಹತ್ತುತ್ತದೆ. ಬೀದರ್‌ನ ಡಿಸೆಂಬರ್‌ನಲ್ಲಿ ಎಲೆಗೆ ರವೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಮೊದಲ ಬಿಳಿ ಚುಕ್ಕೆ ಕಂಡಾಗಲೇ ಆ ಎಲೆ ತೆಗೆಯಿರಿ. ಗಂಧಕದ ಪುಡಿ ಹೊಡೆಯುವ ಸಲಹೆ ಸಿಗುತ್ತದೆ, ಈ ಕುಟುಂಬದ ಗಿಡಗಳಿಗೆ ಬಿಸಿಲಿನಲ್ಲಿ ಗಂಧಕ ಎಲೆ ಸುಡುತ್ತದೆ, ಎಚ್ಚರ.

ರುಚಿ? ಎಳೆ ಸೋರೆಯ ಹತ್ತಿರ. ಆರೇಳು ಇಂಚಿದ್ದಾಗ ಕಿತ್ತು ಶೇಂಗಾ ಹಿಂಡಿ (ಚಟ್ನಿಪುಡಿ) ಹಾಕಿ ಪಲ್ಯ ಮಾಡಿದರೆ ರೊಟ್ಟಿಗೆ ನಡೆಯುತ್ತದೆ. ಅದಕ್ಕೋಸ್ಕರವೇ ಹಚ್ಚುವಷ್ಟು ವಿಶೇಷವಲ್ಲ ಎಂಬುದು ನನ್ನ ಅಭಿಪ್ರಾಯ.

ತೊಂಡೆ, ಮತ್ತೆ ಉಳಿದವು

ಸ್ವಂತ ಮನೆ, ಮೂಲೆಯಲ್ಲಿ ಒಂದಿಷ್ಟು ನೆಲ, ಪ್ರತಿ ವರ್ಷ ಬೀಜ ಹಾಕುವ ಬೇಸರ, ಈ ಮೂರೂ ಇದ್ದವರಿಗೆ ತೊಂಡೆ. ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗಣ್ಣಿನ ಕಡ್ಡಿ ನೆಟ್ಟರೆ ಮೂರು-ನಾಲ್ಕು ವರ್ಷ ಕಾಯಿ ಕೊಡುತ್ತದೆ. ಕಡ್ಡಿಯನ್ನು ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ಕೇಳಿ ತನ್ನಿ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಚಳಿಗಾಲದಲ್ಲಿ ಮಲಗುತ್ತದೆ, ಸತ್ತಿತೆಂದು ಕಿತ್ತೆಸೆಯಬೇಡಿ, ಕತ್ತರಿಸಿ ಗೊಬ್ಬರ ಕೊಡಿ.

ಹಾಗಲಕ್ಕೆ ಕೆಂಪು ದುಂಬಿಯ ಕಾಟ ಕಡಿಮೆ, ತಿನ್ನುವವರಿದ್ದರೆ ಹಚ್ಚಿ. ಬೂದಗುಂಬಳಕ್ಕೆ ಕುಂಬಳದಷ್ಟೇ ಜಾಗ, ಅಷ್ಟೇ ದಿನ. ಆಯುಧಪೂಜೆಗೆ ಒಂದು ಬೇಕು ಎಂದಷ್ಟೇ ಆದರೆ ಮಾರ್ಕೆಟ್ಟಿನಲ್ಲಿ ತನ್ನಿ. ಸೀಮೆಬದನೆ ತಂಪು ಊರಿನದು, ನಮ್ಮ ಕಡೆ ಪ್ರಯತ್ನವೇ ಬೇಡ.

ಎಲ್ಲಕ್ಕೂ ಒಂದೇ ಶತ್ರುಗಳು

ಕೆಂಪು ಕುಂಬಳ ದುಂಬಿ ಬರುವುದು ಬೀಜದೆಲೆ ಬಿಚ್ಚಿದ ದಿನಗಳಲ್ಲಿ. ಕಿತ್ತಳೆ ಬಣ್ಣದ, ಅಕ್ಕಿಕಾಳಿಗಿಂತ ತುಸು ದೊಡ್ಡದು, ಎಲೆಯಲ್ಲಿ ದುಂಡು ತೂತು ಬೀಳಿಸುತ್ತದೆ. ಬೆಳಗಿನ ಇಬ್ಬನಿಯಲ್ಲಿ ಮಂಕಾಗಿ ಕೂತಿರುವಾಗ ಕೈಯಲ್ಲೇ ಹಿಡಿದು ಸಾಬೂನು ನೀರಿಗೆ ಹಾಕಿ, ಎಲೆಗೆ ಒಲೆಯ ಬೂದಿ ಉದುರಿಸಿ. ನಾಲ್ಕೈದು ನಿಜ ಎಲೆ ಬಂದ ಮೇಲೆ ಬಳ್ಳಿ ತಾನೇ ತಡೆದುಕೊಳ್ಳುತ್ತದೆ.

ಹಣ್ಣು ನೊಣ ಬೇರೆ ಥರ. ಎಳೆಕಾಯಿಯ ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅಲ್ಲೊಂದು ಅಂಟಿನ ಹನಿ. ಕಾಯಿ ಅಲ್ಲಿಂದ ಬಾಗುತ್ತ ಒಳಗೆ ಹುಳು. ಅಂಥ ಕಾಯಿಯನ್ನು ತಿಪ್ಪೆಗೆ ಹಾಕಿದರೆ ನೊಣವನ್ನೇ ಸಾಕಿದಂತೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ಅಂಗಡಿಯಲ್ಲಿ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು) ಕೇಳುವಾಗ "ಕ್ಯೂ-ಲ್ಯೂರ್" ಎಂದೇ ಕೇಳಿ. ಮಾವಿಗೆಂದು ಮಾರುವ ಮೀಥೈಲ್ ಯೂಜಿನಾಲ್ ಬಲೆಗೆ ಬಳ್ಳಿಯ ನೊಣ ಬರುವುದಿಲ್ಲ, ಎಷ್ಟೋ ಜನ ಅದನ್ನೇ ನೇತುಹಾಕಿ ಕಾಯುತ್ತಾರೆ. ಎರಡು-ಮೂರು ಬಳ್ಳಿಯ ಮನೆಗೆ ಬಲೆಯೂ ಬೇಡ, ಕಾಯಿ ಕಟ್ಟಿದ ಮರುದಿನವೇ ಕಾಗದದ ಚೀಲ ತೊಡಿಸಿದರಾಯಿತು. ಎಲೆ ಚುಕ್ಕಿಚುಕ್ಕಿ ಹಳದಿಯಾಗಿ ಮುದುಡಿ ಬಂದರೆ ಅದು ನಂಜು ರೋಗ, ಔಷಧವಿಲ್ಲ, ಬಳ್ಳಿ ಕಿತ್ತುಬಿಡಿ.

ಯಾರಿಗೆ ಯಾವುದು

ಕಲಬುರಗಿಯ ಎರೆ ಮಣ್ಣು ಮಳೆಗೆ ನೀರು ಹಿಡಿದು ಬೇರು ಉಸಿರುಗಟ್ಟಿಸುತ್ತದೆ, ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ಗುಂಡಿಯ ಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸಿ ಅಂಗೈ ಎತ್ತರದ ದಿಬ್ಬದ ಮೇಲೆ ಬಿತ್ತಿ, ಮೇಲೆ ತೊಗರಿ ಹೊಟ್ಟು ಹೊದಿಸಿ. ಇಲ್ಲಿ ಸ್ವಲ್ಪ ನೆಲವಿದ್ದವರಿಗೆ ಜೂನ್ ಹೀರೆ, ಬೋರಿನಲ್ಲಿ ಬೇಸಿಗೆಯೂ ನೀರಿದ್ದರೆ ಜನವರಿ ಸೋರೆ.

ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಉಲ್ಟಾ: ನೀರು ನಿಲ್ಲುವುದಿಲ್ಲ, ಸಾರವೂ ಕಡಿಮೆ. ಒಂದೂವರೆ ಅಡಿ ಗುಂಡಿಗೆ ಅರ್ಧದಷ್ಟು ಗೊಬ್ಬರ ಬೇಕು, ಮೇಲೆ ಕಬ್ಬಿನ ರವದಿ ಹಾಸಬೇಕು. ಕುಂಬಳ ಅಲ್ಲಿ ಚೆನ್ನಾಗಿ ಕೂಡುತ್ತದೆ, ಚಳಿಗಾಲಕ್ಕೆ ಜುಕಿನಿಯನ್ನೂ ನೋಡಬಹುದು. ಬೂದಿ ರೋಗಕ್ಕೆ ಸಿದ್ಧರಿರಿ.

ಯಾದಗಿರಿ ಜಿಲ್ಲೆಯಲ್ಲಿ ಕಾಲುವೆ ಬದಿಯ ಊರಿನವರಿಗೆ ನೀರಿನ ಚಿಂತೆ ಕಡಿಮೆ, ಬಿಸಿಲಿನದೇ ಚಿಂತೆ. ಸೋರೆ ಮತ್ತು ತೊಂಡೆ ಹಚ್ಚಿ, ಭತ್ತದ ಹೊಟ್ಟು ಹೊದಿಸಿ, ಏಪ್ರಿಲ್‌ನಲ್ಲಿ ಪಶ್ಚಿಮದ ಬಿಸಿಲಿಗೆ ಹಸಿರು ನೆರಳು ಬಲೆ ಕಟ್ಟಿ. ಕಾಲುವೆ ಮುಟ್ಟದ ಊರಿನವರು ಮಳೆಗಾಲದ ಹೀರೆ, ಕುಂಬಳಕ್ಕೇ ನಿಲ್ಲುವುದು ಸರಿ.

ಬಾಡಿಗೆ ಮನೆಯವರು ಜುಕಿನಿ, ಇಲ್ಲವೇ ಗ್ರಿಲ್ಲಿಗೆ ಹಬ್ಬಿಸುವ ಹೀರೆ ಎರಡು ಡ್ರಮ್ಮು. ಖರ್ಚೇ ಬೇಡ ಎನ್ನುವವರು ಅಡುಗೆಮನೆಯ ಕುಂಬಳದ ಬೀಜ. ಬೀಜದಂಗಡಿಗೆ ಹೋಗುವವರು ಪ್ಯಾಕೆಟ್ ತಿರುಗಿಸಿ ಪರೀಕ್ಷೆಯ ದಿನಾಂಕ, ವಾಯಿದೆ ಮುಗಿಯುವ ದಿನಾಂಕ ನೋಡಿ ಕೊಳ್ಳಿ. ಜೂನ್ ಮೊದಲ ವಾರದ ಗಡಿಬಿಡಿಯಲ್ಲಿ ಹೋದ ವರ್ಷದ ಸರಕೂ ಮೇಜಿನ ಮೇಲೆ ಬಂದಿರುತ್ತದೆ.